ಹದಿನಾರು ಹಳ್ಳಿಯೋ, ನಾಲ್ಕು ಸಾವಿರ ಹೆಂಗಸರೋ?

ನಂಜನಗೂಡು ಕಡೆಯ ಅಡುಗೆಮನೆ ಹೊಗೆಯ ಲೆಕ್ಕ 2013ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಅಚ್ಚಾಯಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರ ಕೆಲಸ ಅದು. 2001ರ ಜನಗಣತಿಯ ಹಳ್ಳಿಪಟ್ಟಿಯಿಂದ ಮೈಸೂರು ತಾಲ್ಲೂಕಿನ ಎಂಟು, ನಂಜನಗೂಡು ತಾಲ್ಲೂಕಿನ ಎಂಟು ಹಳ್ಳಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಮನೆಮನೆಗೆ ಹೋಗಿ, 30 ದಾಟಿದ ಹೆಂಗಸರನ್ನು ಮಾತಾಡಿಸಿದರು. ಮೈಸೂರು ಕಡೆ 2,011 ಜನ, ನಂಜನಗೂಡು ಕಡೆ 1,942. ಯಾರೂ ಬೀಡಿ ಸಿಗರೇಟು ಸೇದುವವರಲ್ಲ. ಎಲ್ಲರ ಮನೆಯಲ್ಲೂ ಮುಖ್ಯ ಉರುವಲು ಸೌದೆ, ಬೆರಣಿಯ ಬಗೆಯದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷದಿಂದ, ಇವೆರಡನ್ನು ಗುಣಿಸಿದರೆ ಬರುವುದು ಒಬ್ಬಾಕೆಯ ಹೊಗೆ ಸೂಚ್ಯಂಕ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಬೇಯಿಸಿದರೆ 60. ಆ 60ರಿಂದಾಚೆಗೆ ಹೊಗೆಗೂ ದೀರ್ಘಕಾಲದ ಬ್ರಾಂಕೈಟಿಸಿಗೂ ಸಾರ್ಥಕ ಎನ್ನಬಹುದಾದ ನಂಟು ಕಾಣುತ್ತದೆ. 110 ಮುಟ್ಟಿದವರಲ್ಲಿ ಇಪ್ಪತ್ತಕ್ಕೊಬ್ಬರಿಗೆ ಕಾಯಿಲೆ. ಮೈಸೂರು ತಾಲ್ಲೂಕಿನವರಿಗಿಂತ ನಂಜನಗೂಡಿನವರಿಗೆ ಅಪಾಯ ಹೆಚ್ಚು. ಲೇಖನ ಮುಟ್ಟಿದ ತೀರ್ಮಾನಗಳು ಇವು.

ಆ ಲೇಖನವನ್ನು ತೂಗಿನೋಡುವುದು ಇಲ್ಲಿನ ಉದ್ದೇಶವಲ್ಲ. ಆದರೆ ಅದರ ವಿನ್ಯಾಸ, ಅಂದರೆ ಪಟ್ಟಿಯಿಂದ ಹಳ್ಳಿ, ಹಳ್ಳಿಯೊಳಗೆ ಮನೆ, ಮನೆಯೊಳಗೆ ಹೆಂಗಸರು ಎಂಬ ಕ್ರಮ, ಸಂಖ್ಯಾಶಾಸ್ತ್ರದಲ್ಲಿ ಎಂಬತ್ತು ವರ್ಷಗಳಿಂದ ನಡೆದಿರುವ ಒಂದು ವಾದಕ್ಕೆ ಹೇಳಿಮಾಡಿಸಿದ ಉದಾಹರಣೆ. ಮಿಕ್ಸೆಡ್ ಮಾಡೆಲ್ ಎಂದು ಕರೆಯುವ ಲೆಕ್ಕಗಳಲ್ಲಿ ಸಾರ್ಥಕತಾ ಪರೀಕ್ಷೆ ಹೇಗೆ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದು ಆ ವಾದ. ನಮ್ಮ ಕಡೆಯ ಪಿಎಚ್‌ಡಿ ಪ್ರಬಂಧಗಳಲ್ಲಿ ಈ ಪರೀಕ್ಷೆಗಳು ಹೇರಳ. ಸಾಫ್ಟ್‌ವೇರು ಕೊಟ್ಟ ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಇದ್ದರೆ ಪಕ್ಕದಲ್ಲಿ ನಕ್ಷತ್ರ ಹಾಕಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಆ ಪಿ-ಮೌಲ್ಯ ಎಷ್ಟು ಸ್ವತಂತ್ರ ಸಂಗತಿಗಳ ಮೇಲೆ ನಿಂತಿದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆ. ಉಳಿದ ಸೂತ್ರಗಳೆಲ್ಲ ಅದರ ಹಿಂದೆ ಬರುವಂಥವು.

ಒಂದೇ ಹಳ್ಳಿಯ ಇನ್ನೂರೈವತ್ತು ಹೆಂಗಸರು ಇನ್ನೂರೈವತ್ತು ಬೇರೆ ಬೇರೆ ಸುದ್ದಿ ಹೇಳುವುದಿಲ್ಲ. ಅವರ ಮನೆಗಳ ಕಟ್ಟೋಣ ಹೆಚ್ಚುಕಡಿಮೆ ಒಂದೇ ಥರ, ಸೌದೆ ತರುವ ಬೀಳುಬಯಲು ಒಂದೇ, ಬೀದಿಯ ದೂಳು ಒಂದೇ, ಕೆಮ್ಮಿಗೆ ಔಷಧಿ ಕೊಡುವ ಡಾಕ್ಟರು ಸಹ ಒಬ್ಬರೇ. ಒಂದೇ ಮನೆಯ ಅತ್ತೆ ಸೊಸೆಯರನ್ನು ತೆಗೆದುಕೊಂಡರೆ ಸಾಮ್ಯ ಇನ್ನೂ ಬಿಗಿ. ಇಬ್ಬರೂ ಕುಡಿಯುವುದು ಒಂದೇ ಒಲೆಯ ಹೊಗೆ. ಈ ಒಳನಂಟನ್ನು ಸಾಮಾನ್ಯವಾಗಿ ಸೊನ್ನೆಯಿಂದ ಒಂದರವರೆಗಿನ ಗುಣಾಂಕವಾಗಿ ಅಳೆಯುತ್ತಾರೆ. ಅಮೆರಿಕದ ಲೆಸ್ಲಿ ಕಿಶ್ 1965ರ ತನ್ನ ಪುಸ್ತಕದಲ್ಲಿ ಪ್ರಚಾರಕ್ಕೆ ತಂದ ಸೂತ್ರ ಸರಳವಾಗಿದೆ. ಗುಂಪಿನ ಗಾತ್ರದಲ್ಲಿ ಒಂದು ಕಳೆದು, ಒಳನಂಟಿನ ಗುಣಾಂಕದಿಂದ ಗುಣಿಸಿ, ಒಂದು ಕೂಡಿಸಿ. ಏರುಪೇರು (ವೇರಿಯನ್ಸ್) ಎಷ್ಟು ಪಟ್ಟು ಹಿಗ್ಗಿದೆ ಎಂದು ಅದು ಹೇಳುತ್ತದೆ.

3,953 ಹೆಂಗಸರನ್ನು 16 ಹಳ್ಳಿಗೆ ಹಂಚಿದರೆ ಹಳ್ಳಿಗೆ ಸರಾಸರಿ 247. ಒಳನಂಟು ಬರೀ 0.01 ಎಂದುಕೊಳ್ಳೋಣ, ಈ ಸಂಖ್ಯೆ ನನ್ನ ಊಹೆ, ಸಮೀಕ್ಷೆಯದಲ್ಲ. ಹಿಗ್ಗು 3.46 ಪಟ್ಟು. ಅಂದರೆ 3,953 ಜನ ಕೊಟ್ಟ ಮಾಹಿತಿ ಸುಮಾರು 1,140 ಸ್ವತಂತ್ರ ಜನರದಕ್ಕೆ ಸಮ. ಒಳನಂಟು 0.05 ಆದರೆ ಹಿಗ್ಗು 13.3 ಪಟ್ಟು, ಉಳಿಯುವುದು ಮುನ್ನೂರಕ್ಕೂ ಮೂರು ಕಡಿಮೆ. ಎರಡು ತಾಲ್ಲೂಕುಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದಾಗಲೂ, ಹಳ್ಳಿಯನ್ನು ಮರೆತು ಮಾಡಿದ ಸಾಮಾನ್ಯ ಪರೀಕ್ಷೆ ಮೊದಲ ಸಂದರ್ಭದಲ್ಲಿ ನೂರಕ್ಕೆ 29 ಸಲ, ಎರಡನೆಯದರಲ್ಲಿ ನೂರಕ್ಕೆ 59 ಸಲ ‘ಇದೆ’ ಎನ್ನುತ್ತದೆ. ನಾವು ಒಪ್ಪಿಕೊಂಡು ಹೊರಟದ್ದು ನೂರಕ್ಕೆ ಐದು. ಇಷ್ಟು ಸಣ್ಣ ಗುಣಾಂಕ ಇಷ್ಟು ದೊಡ್ಡ ಹಾನಿ ಮಾಡಲು ಕಾರಣ ಹಳ್ಳಿಯೊಂದರಿಂದ ತೆಗೆದ ಜನರ ಸಂಖ್ಯೆ. ಜನ ಹೆಚ್ಚಿದಂತೆ ಲೆಕ್ಕ ಗಟ್ಟಿಯಾಯಿತು ಎಂದುಕೊಳ್ಳುತ್ತೇವೆ. ಹಳ್ಳಿಯನ್ನು ಮರೆತ ಲೆಕ್ಕದಲ್ಲಿ ಜನ ಹೆಚ್ಚಿದಷ್ಟೂ ತಪ್ಪು ಹೆಚ್ಚುತ್ತದೆ.

ಇದಕ್ಕೆ ಮದ್ದಾಗಿ ಬಂದದ್ದು ರ‍್ಯಾಂಡಮ್ ಎಫೆಕ್ಟ್. ಹಳ್ಳಿಗೊಂದು ಪ್ರಭಾವ ಇದೆ, ಆದರೆ ಆ ಹದಿನಾರು ಪ್ರಭಾವಗಳು ಒಂದೊಂದಾಗಿ ನಮಗೆ ಬೇಕಿಲ್ಲ. ಅವು ಒಂದು ದೊಡ್ಡ ರಾಶಿಯಿಂದ ಎತ್ತಿದ ಚೀಟಿಗಳು, ಆ ರಾಶಿಯ ಏರುಪೇರು ಎಷ್ಟು ಎಂದು ಗೊತ್ತಾದರೆ ಸಾಕು ಎನ್ನುವ ನಿಲುವು ಇದು. ತಾಲ್ಲೂಕು, ವಯಸ್ಸು, ಹೊಗೆಯ ಸೂಚ್ಯಂಕ ಇಂಥವು ಫಿಕ್ಸೆಡ್. ಎರಡೂ ಕೂಡಿದಾಗ ಮಿಕ್ಸೆಡ್. ಯಾವುದು ಯಾವ ಪಾಲಿಗೆ ಎಂಬ ವ್ಯಾಖ್ಯೆಯಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಆಂಡ್ರ್ಯೂ ಗೆಲ್ಮನ್ 2005ರ ಒಂದು ಲೇಖನದಲ್ಲಿ ಪರಸ್ಪರ ಹೊಂದದ ಐದು ವ್ಯಾಖ್ಯೆಗಳನ್ನು ಸಾಲಾಗಿ ಇಟ್ಟು ತೋರಿಸಿದ್ದಾರೆ. ನಾನು ಹಿಡಿಯುವ ದಾರಿ ಇದು: ಸಮೀಕ್ಷೆಗೆ ಬೀಳದೇ ಹೋದ ಹಳ್ಳಿಗೂ, ಉದಾಹರಣೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಯಾವುದೋ ಹೊಳೆದಂಡೆಯ ಊರಿಗೂ, ಈ ಮಾತು ಸಲ್ಲಬೇಕೇ? ಸಲ್ಲಬೇಕು ಎಂದರೆ ಹಳ್ಳಿ ರ‍್ಯಾಂಡಮ್ ಆಗಲೇಬೇಕು. ಹೊಗೆಯ ಲೇಖನದಲ್ಲಿ ನರಸೀಪುರ ಇರಲಿಲ್ಲ. ಅಲ್ಲಿನ ಆರೋಗ್ಯ ಕೇಂದ್ರದ ವೈದ್ಯರು ಅದನ್ನು ಓದಿ ತಮ್ಮ ಊರಿಗೆ ಅನ್ವಯಿಸಿಕೊಳ್ಳುವಾಗ ಹದಿನಾರು ಹಳ್ಳಿಗಳ ನಡುವಣ ಏರುಪೇರೇ ಅವರಿಗಿರುವ ಆಧಾರ. ನರಸೀಪುರದ್ದು ಬಹುಮಟ್ಟಿಗೆ ಕಾಲುವೆ ನೀರಿನ ಬಯಲು, ಭತ್ತ, ತೆಂಗು, ಹಿಪ್ಪುನೇರಳೆ. ಅಲ್ಲಿ ಒಲೆಗೆ ಬೀಳುವ ತೆಂಗಿನ ಸೋಗೆ, ನೇರಳೆ ಕಡ್ಡಿಯ ಹೊಗೆ ಒಣಭೂಮಿಯ ಜಾಲಿ ಸೌದೆಯ ಹೊಗೆಯ ಹಾಗೆಯೇ ಇರುತ್ತದೆ ಎಂದು ಹೇಳಲಾಗದು. ಆ ಅನುಮಾನಕ್ಕೆ ಸೂತ್ರದಲ್ಲಿ ಮದ್ದಿಲ್ಲ. ರ‍್ಯಾಂಡಮ್ ಎಂದು ಬರೆದಾಕ್ಷಣ ಚೀಟಿ ಎತ್ತದ ತಾಲ್ಲೂಕು ಚೀಟಿಯ ಡಬ್ಬಕ್ಕೆ ಬಂದು ಬೀಳುವುದಿಲ್ಲ.

ಈ ಲೆಕ್ಕದ ವಂಶಾವಳಿ ಸ್ವಾರಸ್ಯಕರ. 1861ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ, ಒಂದೊಂದು ರಾತ್ರಿಯ ವೀಕ್ಷಣೆಗಳಿಗೆ ಆ ರಾತ್ರಿಗೇ ಅಂಟಿದ ಒಂದು ದೋಷವಿರುತ್ತದೆ ಎಂದು ಬರೆದದ್ದೇ ಮೊದಲು ಎನ್ನುತ್ತಾರೆ. ಸಂಖ್ಯಾಶಾಸ್ತ್ರಜ್ಞ ಫಿಷರ್ 1918ರಲ್ಲಿ ಏರುಪೇರನ್ನು ಮೂಲಗಳಿಗೆ ಹಂಚುವ ದಾರಿ ತೋರಿದ. 1947ರಲ್ಲಿ ಚರ್ಚಿಲ್ ಐಸೆನ್‌ಹಾರ್ಟ್ ಫಿಕ್ಸೆಡ್ ಮತ್ತು ರ‍್ಯಾಂಡಮ್ ಎಂಬ ಎರಡು ಮಾದರಿಗಳನ್ನು ಬಿಡಿಸಿಟ್ಟ. ಬೆಳವಣಿಗೆ ಬಿರುಸಾದದ್ದು ದನದ ಕೊಟ್ಟಿಗೆಯಲ್ಲಿ. ಬೇರೆ ಬೇರೆ ಕೊಟ್ಟಿಗೆಗಳಲ್ಲಿರುವ ಮಗಳುಹಸುಗಳ ಹಾಲಿನ ಲೆಕ್ಕದಿಂದ ಅವುಗಳ ಅಪ್ಪ ಹೋರಿಯ ಯೋಗ್ಯತೆಯನ್ನು ಅಳೆಯಬೇಕಾಗಿ ಬಂದ ಚಾರ್ಲ್ಸ್ ಹೆಂಡರ್ಸನ್ ಇಂದಿನ ಮಿಕ್ಸೆಡ್ ಮಾಡೆಲ್ ಸಮೀಕರಣಗಳನ್ನು ಕಟ್ಟಿದ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿಯ ಮರಿಗಳ ತೂಕದಿಂದ ಒಳ್ಳೆಯ ಟಗರನ್ನು ಆರಿಸಬೇಕಾದರೂ ಬರೆಯಬೇಕಾದದ್ದು ಅದೇ ಸಮೀಕರಣ. 1971ರಲ್ಲಿ ಪ್ಯಾಟರ್ಸನ್ ಮತ್ತು ಥಾಂಪ್ಸನ್ ಏರುಪೇರನ್ನು ಕಡಿಮೆ ಅಂದಾಜು ಮಾಡದಂಥ ವಿಧಾನ ಕೊಟ್ಟರು. ಅದು ರೆಮ್ಲ್ ಎಂಬ ಹೆಸರಿನಲ್ಲಿ ಇಂದು ಎಲ್ಲ ಸಾಫ್ಟ್‌ವೇರಿನಲ್ಲೂ ಇದೆ.

ಅದೇ ಹೊತ್ತಿಗೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸಿ.ಆರ್. ರಾವ್ ಏರುಪೇರಿನ ಘಟಕಗಳನ್ನು ಅಂದಾಜು ಮಾಡಲು ‘ಮಿಂಕ್ಯೂ’ ಎಂಬ ವಿಧಾನ ರೂಪಿಸುತ್ತಿದ್ದರು. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ತೀರಿಕೊಂಡದ್ದು 2023ರಲ್ಲಿ, 102ರ ವಯಸ್ಸಿನಲ್ಲಿ. 1948ರಲ್ಲೇ, ಇಪ್ಪತ್ತೆಂಟು ತುಂಬುವ ಮುಂಚೆಯೋ ತುಂಬಿದ ಹೊಸದರಲ್ಲೋ, ಅವರು ಕೊಟ್ಟ ‘ಸ್ಕೋರ್ ಪರೀಕ್ಷೆ’ ಇಂದಿಗೂ ರ‍್ಯಾಂಡಮ್ ಎಫೆಕ್ಟ್ ಇದೆಯೋ ಇಲ್ಲವೋ ನೋಡಲು ಬಳಕೆಯಲ್ಲಿದೆ. ಅದರ ಅನುಕೂಲ ಏನೆಂದರೆ, ಹಳ್ಳಿಯ ಪ್ರಭಾವ ಸೊನ್ನೆ ಎನ್ನುವ ಸರಳ ಮಾದರಿಯನ್ನಷ್ಟೇ ಹೊಂದಿಸಿದರೆ ಸಾಕು, ಕಷ್ಟದ ಮಾದರಿಯನ್ನು ಮುಟ್ಟಬೇಕಿಲ್ಲ. ಕನ್ನಡನಾಡಿನಲ್ಲಿ ಹುಟ್ಟಿದವರೊಬ್ಬರ ಹೆಸರು ಈ ಶಾಸ್ತ್ರದ ಎರಡು ತುದಿಗಳಲ್ಲೂ, ಅಂದಾಜಿನಲ್ಲೂ ಪರೀಕ್ಷೆಯಲ್ಲೂ, ಇದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬಹುದಿತ್ತು.

ಪರೀಕ್ಷೆಗೆ ಬರೋಣ. ಹೊಗೆಯ ಸಮೀಕ್ಷೆಯಂಥದ್ದರಲ್ಲಿ ಕೇಳಬಹುದಾದ ಪ್ರಶ್ನೆಗಳು ಒಂದೇ ಜಾತಿಯವಲ್ಲ, ಆದ್ದರಿಂದ ಉತ್ತರದ ಆಧಾರವೂ ಒಂದೇ ಅಲ್ಲ. ನಂಜನಗೂಡಿಗೂ ಮೈಸೂರಿಗೂ ವ್ಯತ್ಯಾಸವಿದೆಯೇ ಎಂಬುದು ಹಳ್ಳಿಗಳ ಮಟ್ಟದ ಪ್ರಶ್ನೆ. ಎಂಟು ಹಳ್ಳಿ ಈ ಕಡೆ, ಎಂಟು ಆ ಕಡೆ. ಹದಿನಾರರಲ್ಲಿ ಎರಡು ಸರಾಸರಿಗೆಂದು ಎರಡು ಕಳೆದರೆ ಉಳಿಯುವ ಸ್ವಾತಂತ್ರ್ಯದ ಅಂಕ (ಡಿಗ್ರೀಸ್ ಆಫ್ ಫ್ರೀಡಮ್), ಅಂದರೆ ಪರೀಕ್ಷೆಗೆ ಆಧಾರವಾಗುವ ಸ್ವತಂತ್ರ ಸಂಗತಿಗಳ ಲೆಕ್ಕ, 14. ಹೆಂಗಸರು ನಾಲ್ಕು ಸಾವಿರವಾಗಲಿ ನಲವತ್ತು ಸಾವಿರವಾಗಲಿ, ಇದು ಬದಲಾಗದು. ಪರೀಕ್ಷೆಯ ಅಂಕ 2.1 ಬಂತು ಎನ್ನಿ. ಅನಂತ ಸ್ವಾತಂತ್ರ್ಯ ಇದ್ದಂತೆ ಭಾವಿಸಿದರೆ ಪಿ-ಮೌಲ್ಯ 0.036, ನಕ್ಷತ್ರ ಖಚಿತ. 14 ಎಂದು ಒಪ್ಪಿಕೊಂಡರೆ 0.054, ನಕ್ಷತ್ರವಿಲ್ಲ. ತಾಲ್ಲೂಕಿಗೆ ಮೂರೇ ಹಳ್ಳಿ ಆಗಿದ್ದರೆ ಸ್ವಾತಂತ್ರ್ಯ 4, ಪಿ-ಮೌಲ್ಯ 0.10 ದಾಟುತ್ತದೆ.

ಹೊಗೆ ಹೆಚ್ಚಾದರೆ ಕಾಯಿಲೆ ಹೆಚ್ಚೇ ಎಂಬುದು ಬೇರೆ. ಒಂದೇ ಹಳ್ಳಿಯೊಳಗೆ ಮೂವತ್ತು ವರ್ಷ ಒಲೆ ಊದಿದವರೂ ಇದ್ದಾರೆ, ಐದು ವರ್ಷದವರೂ ಇದ್ದಾರೆ; ಅವರನ್ನು ಅಲ್ಲಲ್ಲೇ ಹೋಲಿಸಿದಾಗ ಹಳ್ಳಿಯ ಪ್ರಭಾವ ಎರಡೂ ಕಡೆ ಇದ್ದು ವಜಾ ಆಗುತ್ತದೆ. ಇಲ್ಲಿ ಸಾವಿರಾರು ಹೆಂಗಸರ ಬಲ ನಿಜಕ್ಕೂ ಸಿಗುತ್ತದೆ. ಆದರೆ ಅದಕ್ಕೂ ಒಂದು ಷರತ್ತು. ಹೊಗೆ ಮಾಡುವ ಕೇಡು ಎಲ್ಲ ಹಳ್ಳಿಯಲ್ಲೂ ಒಂದೇ ಅಳತೆಯದಾಗಿರಬೇಕು. ಹೊಗೆಗೂಡು ಇರುವ ಊರಿನಲ್ಲಿ ಕಡಿಮೆ, ನಡುಮನೆಯಲ್ಲೇ ಒಲೆ ಹೂಡುವ ಊರಿನಲ್ಲಿ ಜಾಸ್ತಿ ಎನ್ನುವಂತಿದ್ದರೆ, ಹೊಗೆಯ ಇಳಿಜಾರೇ, ಅಂದರೆ ಹೊಗೆ ಹೆಚ್ಚಿದಂತೆ ಕಾಯಿಲೆ ಹೆಚ್ಚುವ ದರವೇ, ಹಳ್ಳಿಯಿಂದ ಹಳ್ಳಿಗೆ ಏರಿಳಿಯುತ್ತದೆ. ಆಗ ಅದರ ಸರಾಸರಿಯ ಮೇಲಿನ ಪರೀಕ್ಷೆಯೂ ಮತ್ತೆ ಹದಿನಾರು ಹಳ್ಳಿಯ ಆಧಾರಕ್ಕೆ ಬಂದು ಕೂರುತ್ತದೆ.

ಈ ಇಳಿಜಾರಿನ ವಿಚಾರದಲ್ಲೇ ಕಳೆದ ದಶಕದ ದೊಡ್ಡ ಜಗಳ ನಡೆದದ್ದು, ಅದೂ ಭಾಷೆಯ ಪ್ರಯೋಗಾಲಯಗಳಲ್ಲಿ. ಓದುಗರಿಗೆ ಪದಗಳನ್ನು ತೋರಿಸಿ ಓದುವ ವೇಗ ಅಳೆಯುವವರು ಓದುಗರನ್ನು ರ‍್ಯಾಂಡಮ್ ಎನ್ನುತ್ತಿದ್ದರು, ಪದಗಳನ್ನು ಮರೆಯುತ್ತಿದ್ದರು. 1973ರಲ್ಲಿ ಹರ್ಬರ್ಟ್ ಕ್ಲಾರ್ಕ್, ನೀವು ಇಪ್ಪತ್ತು ಪದಗಳ ಬಗ್ಗೆ ಹೇಳುತ್ತಿದ್ದೀರೋ ಇಡೀ ಭಾಷೆಯ ಬಗ್ಗೆಯೋ ಎಂದು ಕೇಳಿ ಹಲವರ ನಿದ್ದೆ ಕೆಡಿಸಿದ. 2013ರಲ್ಲಿ ಡೇಲ್ ಬಾರ್ ಮತ್ತು ಸಂಗಡಿಗರು, ವಿನ್ಯಾಸ ಅನುಮತಿಸುವ ಎಲ್ಲ ರ‍್ಯಾಂಡಮ್ ಇಳಿಜಾರುಗಳನ್ನೂ ಸೇರಿಸಿ ಎಂದರು. 2017ರಲ್ಲಿ ಮಟುಶೆಕ್ ಮತ್ತಿತರರು, ಎಲ್ಲವನ್ನೂ ತುರುಕಿದರೆ ಇರುವ ವ್ಯತ್ಯಾಸವನ್ನೇ ಕಾಣದೆ ಹೋಗುತ್ತೀರಿ, ಮಾಹಿತಿ ಹೊರುವಷ್ಟು ಮಾತ್ರ ಹೊರಿಸಿ ಎಂದರು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಭಾರತೀಯ ಭಾಷಾ ಸಂಸ್ಥಾನದಲ್ಲೋ ಕನ್ನಡ ಒತ್ತಕ್ಷರದ ಪದಗಳನ್ನಿಟ್ಟು ಪ್ರಯೋಗ ಮಾಡುವ ಮೈಸೂರಿನ ವಿದ್ಯಾರ್ಥಿಗೂ ಈ ಜಗಳ ತಪ್ಪಿದ್ದಲ್ಲ. ನಾನು ಬಾರ್ ಪಕ್ಷದವನು, ಒಂದು ಮಿತಿಯಲ್ಲಿ: ಯಾವುದರ ಮೇಲೆ ಪ್ರಬಂಧದ ಮುಖ್ಯ ಮಾತು ನಿಂತಿದೆಯೋ ಆ ಇಳಿಜಾರನ್ನು ಮಾತ್ರ ಬಿಡಕೂಡದು.

14 ಎಂಬ ಸಂಖ್ಯೆ ಅಷ್ಟು ಚೊಕ್ಕವಾಗಿ ಸಿಕ್ಕಿದ್ದು ಹಳ್ಳಿಗಳು ಸಮ ಗಾತ್ರದವು ಎಂದುಕೊಂಡದ್ದರಿಂದ. ನಿಜದಲ್ಲಿ ಒಂದು ಹಳ್ಳಿಯಲ್ಲಿ ನಾನೂರು, ಇನ್ನೊಂದರಲ್ಲಿ ತೊಂಬತ್ತು ಇರಬಹುದು. ಆಗ ಸ್ವಾತಂತ್ರ್ಯದ ಅಂಕವನ್ನು ಅಂದಾಜು ಮಾಡಬೇಕು. 1946ರಲ್ಲಿ ಸ್ಯಾಟರ್ತ್‌ವೇಟ್ ಕೊಟ್ಟ ಅಂದಾಜು ಒಂದು. 1997ರಲ್ಲಿ ಕೆನ್‌ವರ್ಡ್ ಮತ್ತು ರೋಜರ್ ಅದರ ಜೊತೆಗೆ ಮಾನಕ ದೋಷವನ್ನೂ ತಿದ್ದುವ ದಾರಿ ಹಾಕಿದರು. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಡಗ್ಲಸ್ ಬೇಟ್ಸ್ ತಂಡ ಬರೆದ ಎಲ್‌ಎಂಇ4 ಪ್ಯಾಕೇಜು ಬೇಕೆಂದೇ ಪಿ-ಮೌಲ್ಯ ಮುದ್ರಿಸುವುದಿಲ್ಲ. ಯಾವ ಸ್ವಾತಂತ್ರ್ಯದ ಅಂಕ ಸರಿ ಎಂಬುದು ಇತ್ಯರ್ಥವಾಗದ ಪ್ರಶ್ನೆ ಎಂಬುದು ಬೇಟ್ಸ್ ಅವರ ನಿಲುವು. ಬಳಕೆದಾರರು ಸುಮ್ಮನಿರುತ್ತಾರೆಯೇ? ಆ ಖಾಲಿ ಜಾಗ ತುಂಬಲು ಎಲ್‌ಎಂಇಆರ್‌ಟೆಸ್ಟ್ ಬಂತು. ಈಗ ಪಿ-ಮೌಲ್ಯ ತಾನಾಗಿ ಬೀಳುತ್ತದೆ, ಅದರ ಪಕ್ಕದ ಕಾಲಮ್ಮಿನಲ್ಲಿರುವ ಸ್ವಾತಂತ್ರ್ಯದ ಅಂಕವನ್ನು ಯಾರೂ ಓದುವುದಿಲ್ಲ. ಪ್ರಬಂಧ ಕೈಗೆ ಬಂದರೆ ನಾನು ಮೊದಲು ಓದುವುದು ಆ ಕಾಲಮ್ಮನ್ನು. ಹದಿನಾರು ಹಳ್ಳಿಯ ಅಧ್ಯಯನದಲ್ಲಿ, ತಾಲ್ಲೂಕಿನ ಸಾಲಿನ ಎದುರು 3,900 ಎಂದಿದ್ದರೆ ಏನೋ ಎಡವಟ್ಟಾಗಿದೆ. ಬಹಳ ಸಲ ಕಾರಣ ಇದು: ಸಾಫ್ಟ್‌ವೇರು ಹಳ್ಳಿಗಳ ನಡುವಣ ಏರುಪೇರನ್ನು ಸೊನ್ನೆ ಎಂದು ಅಂದಾಜಿಸಿಬಿಟ್ಟಿದೆ, ಸೊನ್ನೆಯಾದ ಕೂಡಲೇ ಸ್ಯಾಟರ್ತ್‌ವೇಟ್ ಸೂತ್ರ ಹಳ್ಳಿಗಳನ್ನು ಮರೆತು ಹೆಂಗಸರನ್ನು ಎಣಿಸಲು ತೊಡಗುತ್ತದೆ. ಅಂಥ ಕಡೆ ನಾನಾದರೆ 14ಕ್ಕೇ ಅಂಟಿಕೊಳ್ಳುತ್ತೇನೆ.

ಬ್ರಾಂಕೈಟಿಸ್ ಇದೆ, ಇಲ್ಲ ಎಂಬ ಎರಡೇ ಉತ್ತರದ ಮಾಹಿತಿಗೆ ಬಂದರೆ ತೊಡಕು ಇನ್ನೊಂದು ಸುತ್ತು ಹೆಚ್ಚು. ವರ್ಷದಲ್ಲಿ ಮೂರು ತಿಂಗಳಂತೆ ಸತತ ಎರಡು ವರ್ಷ ಕಫದ ಕೆಮ್ಮು ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂದಷ್ಟೇ ಬರೆದುಕೊಳ್ಳುತ್ತಾರೆ. ಇಲ್ಲಿ ಲಾಜಿಸ್ಟಿಕ್ ಮಿಕ್ಸೆಡ್ ಮಾಡೆಲ್ ಬೇಕು. ಸಾಮಾನ್ಯ ಸಾಫ್ಟ್‌ವೇರು ಇದರಲ್ಲಿ ಹಳ್ಳಿಗಳು ಲೆಕ್ಕವಿಲ್ಲದಷ್ಟು ಇವೆ ಎಂಬಂತೆ ಪಿ-ಮೌಲ್ಯ ಕೊಡುತ್ತದೆ. 1986ರಲ್ಲಿ ಲಿಯಾಂಗ್ ಮತ್ತು ಜೆಗರ್ ತಂದ, ಗುಂಪಿನ ಒಳನಂಟನ್ನು ಲೆಕ್ಕಕ್ಕೆ ಹಿಡಿಯುವ ಜಿಇಇ ವಿಧಾನ ಜನಪ್ರಿಯ, ಆದರೆ ಗುಂಪುಗಳು ನಲವತ್ತಕ್ಕಿಂತ ಕಡಿಮೆ ಇದ್ದಾಗ ಅದೂ ದೋಷವನ್ನು ಕಡಿಮೆ ತೋರಿಸುವ ಚಾಳಿಯದು. ಹದಿನಾರೇ ಹಳ್ಳಿ ಇದ್ದರೆ ನನಗೆ ಮೆಚ್ಚುಗೆಯಾಗುವುದು ಹಳೆಯ, ಯಾರಿಗೂ ಬೇಡವಾದ ದಾರಿ: ಪ್ರತಿ ಹಳ್ಳಿಯಲ್ಲಿ ಕಾಯಿಲೆಯವರ ಪ್ರಮಾಣ ಕಂಡುಹಿಡಿದು, ವಯಸ್ಸು ಹೊಗೆಗಳಿಗೆ ಹೊಂದಿಸಿ, ಕೊನೆಗೆ ಕೈಯಲ್ಲಿ ಉಳಿಯುವ ಹದಿನಾರು ಸಂಖ್ಯೆಗಳ ಮೇಲೆ ಟಿ ಪರೀಕ್ಷೆ. ಒಂದು ಹಾಳೆಯಲ್ಲಿ ಮುಗಿಯುತ್ತದೆ, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಹಳ್ಳಿಗಳಿಗೆ ಒಂದು ಕಾರ್ಯಕ್ರಮ, ಹೊಗೆರಹಿತ ಒಲೆಯಂಥದ್ದನ್ನು, ಚೀಟಿ ಎತ್ತಿ ಹಂಚಿದ್ದರೆ ಇನ್ನೂ ಸುಲಭ. ಹದಿನಾರರಲ್ಲಿ ಎಂಟನ್ನು ಆರಿಸುವ ದಾರಿಗಳು 12,870. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಾಕಿ, ನಮಗೆ ಸಿಕ್ಕ ವ್ಯತ್ಯಾಸ ಎಷ್ಟು ಅಪರೂಪ ಎಂದು ನೋಡಿದರೆ ಆಯಿತು; ಯಾವ ಅಂದಾಜೂ ಬೇಡ. ಆರು ಹಳ್ಳಿಯಲ್ಲಿ ಮೂರನ್ನು ಆರಿಸುವ ದಾರಿಗಳು ಇಪ್ಪತ್ತೇ. ಆಗ ಎರಡೂ ದಿಕ್ಕಿನ ಪರೀಕ್ಷೆಯಲ್ಲಿ ಬರಬಹುದಾದ ಅತಿ ಸಣ್ಣ ಪಿ-ಮೌಲ್ಯ 0.10. ಒಲೆ ಎಷ್ಟೇ ಅದ್ಭುತವಾಗಿರಲಿ, ಹಳ್ಳಿಗೆ ಸಾವಿರ ಜನರನ್ನು ಅಳೆದಿರಲಿ, 0.05ರ ಗೆರೆ ಮುಟ್ಟುವ ಸಾಧ್ಯತೆಯೇ ಇಲ್ಲ. ಇಂಥ ಯೋಜನೆಗೆ ಅನುದಾನ ಕೇಳುವ ಅರ್ಜಿ ಬಂದರೆ ವಿನ್ಯಾಸದ ಪುಟದಲ್ಲೇ ನಿಲ್ಲಿಸಿಬಿಡಬೇಕು.

ಇಷ್ಟು ಹೊತ್ತು ತಾಲ್ಲೂಕು, ಹೊಗೆಗಳ ಪರೀಕ್ಷೆ. ರ‍್ಯಾಂಡಮ್ ಎಫೆಕ್ಟನ್ನೇ ಪರೀಕ್ಷಿಸುವುದು, ಅಂದರೆ ಹಳ್ಳಿಗಳ ನಡುವೆ ಏರುಪೇರು ಇದೆಯೇ ಎಂದು ಕೇಳುವುದು, ಬೇರೆಯೇ ಅಧ್ಯಾಯ. ಏರುಪೇರು ಸೊನ್ನೆಗಿಂತ ಕೆಳಗಿಳಿಯದು. ಪರೀಕ್ಷಿಸುವ ಸೊನ್ನೆ ಎಲ್ಲೆಯ ಮೇಲೇ ನಿಂತಿದೆ. ಆದ್ದರಿಂದ ಎರಡು ಮಾದರಿಗಳ ಸಂಭವನೀಯತೆಯನ್ನು ಹೋಲಿಸಿ ಕೈ-ಸ್ಕ್ವೇರ್ ಕೋಷ್ಟಕದಲ್ಲಿ ನೋಡುವ ವಾಡಿಕೆಯ ಪರೀಕ್ಷೆ ಇಲ್ಲಿ ಸರಿಹೊಂದದು. 1987ರಲ್ಲಿ ಸೆಲ್ಫ್ ಮತ್ತು ಲಿಯಾಂಗ್, 1994ರಲ್ಲಿ ಸ್ಟ್ರಾಮ್ ಮತ್ತು ಲೀ ತೋರಿಸಿದ ಪ್ರಕಾರ, ಅರ್ಧ ಪಾಲು ಸೊನ್ನೆಯಲ್ಲೇ ಕುಳಿತಿರುತ್ತದೆ, ಇನ್ನರ್ಧ ಮಾತ್ರ ಕೈ-ಸ್ಕ್ವೇರ್. ಹಾಗಾಗಿ ಶೇ 5ರ ಗೆರೆ 3.84 ಅಲ್ಲ, 2.71. ಸಾಫ್ಟ್‌ವೇರು ಕೊಟ್ಟ ಪಿ-ಮೌಲ್ಯವನ್ನು ಅರ್ಧ ಮಾಡಿದರೆ ಹೆಚ್ಚುಕಡಿಮೆ ಸರಿ. ಗುಂಪುಗಳು ಕಡಿಮೆ ಇದ್ದಾಗ ಆ ಅರ್ಧವೂ ನಿಖರವಲ್ಲ ಎಂದು 2004ರಲ್ಲಿ ಕ್ರೈನಿಚಾನು ಮತ್ತು ರುಪರ್ಟ್ ಲೆಕ್ಕ ಹಾಕಿದರು. ಸೊನ್ನೆಯಲ್ಲಿ ಕೂರುವ ಪಾಲು ಅರ್ಧಕ್ಕಿಂತ ಹೆಚ್ಚು.

ಲೆಕ್ಕ ಹೀಗೆ ತಿದ್ದಿಕೊಳ್ಳಬಹುದು. ಆದರೆ ಪರೀಕ್ಷೆ ಮಾಡುವುದೇ ಏಕೆ? ಹಳ್ಳಿಗಳ ಏರುಪೇರು ಸಾರ್ಥಕವಲ್ಲ ಎಂದು ಬಂದರೆ ಹಳ್ಳಿಯನ್ನು ಮಾದರಿಯಿಂದ ಕಿತ್ತು, ನಾಲ್ಕು ಸಾವಿರದ ಬಲದಿಂದ ಮುಂದಿನ ಪರೀಕ್ಷೆ ಮಾಡಬಹುದು ಎಂಬ ಆಸೆಯಿಂದ ಮಾಡುವವರೇ ಹೆಚ್ಚು. ಇದು ಸಲ್ಲದು. ಹದಿನಾರು ಹಳ್ಳಿಯಲ್ಲಿ ಸಣ್ಣ ಒಳನಂಟನ್ನು ಹಿಡಿಯುವ ಶಕ್ತಿ ಆ ಪರೀಕ್ಷೆಗೆ ಎಲ್ಲ ಸಲವೂ ಇರುವುದಿಲ್ಲ. ಹಿಡಿಯದೇ ಹೋದ ಆ ಒಳನಂಟು ಏನು ಮಾಡಬಲ್ಲದು ಎಂಬುದನ್ನು ಮೇಲೆ ನೋಡಿದೆವು. ಚೀಟಿ ಎತ್ತಿದ್ದು ಹಳ್ಳಿಗಳಿಗಾಗಿ ಎಂದ ಮೇಲೆ ಹಳ್ಳಿ ಮಾದರಿಯಲ್ಲಿ ಇರಬೇಕಾದದ್ದು ವಿನ್ಯಾಸದ ಹಕ್ಕಿನಿಂದ. ಪಿ-ಮೌಲ್ಯದ ಅಪ್ಪಣೆ ಅದಕ್ಕೆ ಬೇಕಿಲ್ಲ.

ಏರುಪೇರು ಸೊನ್ನೆಗಿಂತ ಕೆಳಗಿಳಿಯದು ಎಂದೆ. ರೇಷ್ಮೆ ಹುಳುವಿನ ಮನೆಗೆ ಹೋದರೆ ಆ ಮಾತಿಗೂ ಅಪವಾದ ಕಾಣುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇರುವುದು ನರಸೀಪುರದಲ್ಲಿ; ಸುತ್ತ ಹಿಪ್ಪುನೇರಳೆ ತೋಟಗಳು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ತಟ್ಟೆ ತುಂಬ ಸೊಪ್ಪು ಹರಡಿದಾಗ ಮಳೆ ಬಂದ ಹಾಗೆ ಸದ್ದಾಗುತ್ತದೆ. ಎಲ್ಲ ತಟ್ಟೆಗೂ ತೂಕ ಹಾಕಿ ಒಂದೇ ಅಳತೆಯ ಸೊಪ್ಪು ಕೊಡುವ ಪ್ರಯೋಗ ಎಂದುಕೊಳ್ಳಿ. ಹುಳು ಒತ್ತಾಗಿದ್ದರೆ ಬಲವಾದದ್ದು ಮೇಲೇರಿ ಎಲೆಯ ಹೆಚ್ಚು ಪಾಲು ಮೇಯುತ್ತದೆ, ಅಡಿಯಲ್ಲಿ ಸಿಕ್ಕಿದ್ದು ಕೃಶವಾಗಿ ಉಳಿಯುತ್ತದೆ. ಒಂದು ಹುಳು ಉಂಡದ್ದು ಇನ್ನೊಂದರ ಪಾಲಿನದು. ಹಾಗಾಗಿ ತಟ್ಟೆಯೊಳಗೆ ವಿಪರೀತ ಅಂತರ. ತಟ್ಟೆತಟ್ಟೆಗಳ ಸರಾಸರಿ ನೋಡಿದರೆ ಬರೀ ಆಕಸ್ಮಿಕದಿಂದ ಇರಬೇಕಾದಷ್ಟೂ ಅಂತರವಿಲ್ಲ. ಒಳನಂಟಿನ ಗುಣಾಂಕ ಋಣಾತ್ಮಕ. ಹಳೆಯ ಎಫ್ ಲೆಕ್ಕದಲ್ಲಿ ಏರುಪೇರಿನ ಅಂದಾಜು ಮೈನಸ್ ಬರುತ್ತದೆ. ಹೊಸ ಸಾಫ್ಟ್‌ವೇರು ಅದನ್ನು ಸೊನ್ನೆ ಎಂದು ಒತ್ತಿಹಿಡಿದು ಒಂದು ಎಚ್ಚರಿಕೆ ಸಾಲು ಮುದ್ರಿಸುತ್ತದೆ. ಆ ಸಾಲನ್ನು ಅಳಿಸಿ ಮುಂದೆ ಹೋಗುವವರು ಹುಳು ಹೇಳಿದ್ದನ್ನೇ ಅಳಿಸುತ್ತಾರೆ: ತಟ್ಟೆಯಲ್ಲಿ ಜಾಗ ಸಾಲದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಗೂಡಿನ ತೂಕ ಮಾತ್ರ ನೋಡುವವರಿಗೆ ಇದು ತಿಳಿಯುವುದೇ ಇಲ್ಲ.

ಮತ್ತೆ ಹೊಗೆಯ ಸೂಚ್ಯಂಕಕ್ಕೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇರುತ್ತೀರಿ ಎಂದು ನಮ್ಮ ಹಳ್ಳಿಯ ಹಿರಿಯಾಕೆಯನ್ನು ಕೇಳಿದರೆ, “ಮದ್ವೆಯಾಗಿ ಬಂದಾಗಿಂದ ನಾನೇ ಕಣವ್ವ ಒಲೆ ಹಚ್ಚೋದು, ಗಡಿಯಾರ ನೋಡ್ಕೊಂಡು ಮುದ್ದೆ ತಿರುವ್ತಾರಾ?” ಎಂಬ ಧಾಟಿಯ ಉತ್ತರ ಬರುತ್ತದೆ. ಅದನ್ನು ಮೂರು ಗಂಟೆ ಎಂದು ಬರೆದುಕೊಳ್ಳುವುದೋ ನಾಲ್ಕು ಎಂದೋ ಸಮೀಕ್ಷೆಗೆ ಹೋದವರ ಕೈಯಲ್ಲಿದೆ. ಇಪ್ಪತ್ತು ವರ್ಷಕ್ಕೆ ಗುಣಿಸಿದಾಗ ಒಬ್ಬಾಕೆ 60, ಅದೇ ಆಕೆ ಇನ್ನೊಬ್ಬರ ಕಾಗದದಲ್ಲಿ 80. ಅಂದರೆ ಹಳ್ಳಿಯ ಜೊತೆಗೆ ಸಮೀಕ್ಷಕಿಯೂ ಒಂದು ರ‍್ಯಾಂಡಮ್ ಎಫೆಕ್ಟ್. ಬಂಗಾಳದ ಸೆಣಬಿನ ಸಮೀಕ್ಷೆಯ ಕಾಲದಲ್ಲೇ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಇದನ್ನು ಕಂಡುಕೊಂಡಿದ್ದರು. ಒಂದೇ ಪ್ರದೇಶವನ್ನು ಒಂದರೊಳಗೊಂದು ಹೆಣೆದ ಎರಡು ಸ್ಯಾಂಪಲ್ಲುಗಳಾಗಿ ಒಡೆದು, ಬೇರೆ ಬೇರೆ ತಂಡಗಳಿಗೆ ಕೊಟ್ಟು, ತಂಡಗಳ ನಡುವಣ ಅಂತರವನ್ನು ಅಳೆಯುವ ಅವರ ಪದ್ಧತಿ ಮುಂದೆ ಜಗತ್ತಿಗೆಲ್ಲ ಹೋಯಿತು. ಆದರೆ ಒಂದು ತಂಡಕ್ಕೆ ನಂಜನಗೂಡು, ಇನ್ನೊಂದಕ್ಕೆ ಮೈಸೂರು ಎಂದು ಹಂಚಿಕೊಟ್ಟರೆ ತಾಲ್ಲೂಕಿನ ಅಂತರ ಯಾವುದು, ತಂಡದ ಅಂತರ ಯಾವುದು ಎಂದು ಬಿಡಿಸಲು ಯಾವ ಮಾದರಿಗೂ ಆಗದು. ಬಸ್ಸಿನ ಅನುಕೂಲ ನೋಡಿ ಹಾಗೆ ಹಂಚುವುದು ನಮ್ಮಲ್ಲಿ ಮಾಮೂಲು.

ಒಬ್ಬರನ್ನೇ ಮತ್ತೆ ಮತ್ತೆ ಅಳೆಯುವ ಅಧ್ಯಯನಗಳ ವಿಚಾರವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಗುಂಪುಗಳ ಕೊರತೆ ಇರುವುದಿಲ್ಲ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನ ಮಕ್ಕಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಹಿಂಬಾಲಿಸಿತು. ಅಲ್ಲಿ ಗುಂಪು ಎಂದರೆ ಮಗು. ನೂರಾರು ಮಕ್ಕಳು ಇರುವುದರಿಂದ ಸ್ಯಾಟರ್ತ್‌ವೇಟೋ ಕೆನ್‌ವರ್ಡೋ ಎಂಬ ಗೊಂದಲ ಪಿ-ಮೌಲ್ಯದ ಮೂರನೇ ದಶಮಾಂಶಕ್ಕೂ ಮುಟ್ಟದು. 1982ರಲ್ಲಿ ಲೇರ್ಡ್ ಮತ್ತು ವೇರ್ ಇಂಥ ಬೆಳವಣಿಗೆಯ ಗೆರೆಗಳಿಗೆ ಹಾಕಿಕೊಟ್ಟ ಚೌಕಟ್ಟು ಸಾಕಾಗುತ್ತದೆ. ಗೊಂದಲ ಇರುವುದೆಲ್ಲ ಐದು, ಹತ್ತು, ಹದಿನಾರು ಗುಂಪುಗಳ ಅಧ್ಯಯನಗಳಲ್ಲಿ. ನಮ್ಮ ಜಿಲ್ಲೆಯ ಸಣ್ಣ ಅನುದಾನದ ಅಧ್ಯಯನಗಳು ಬಹುಪಾಲು ಅಂಥವೇ.

ಬೇಯ್ಸ್ ಪಂಥದವರು ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ಏರುಪೇರಿಗೇ ಒಂದು ಪೂರ್ವನಂಬಿಕೆಯ ಹಂಚಿಕೆ ಕೊಡಿ ಎನ್ನುತ್ತಾರೆ. ಸೊನ್ನೆಗೆ ಅಂಟಿಕೊಳ್ಳುವ ತೊಂದರೆ ಅದರಿಂದ ತಪ್ಪುತ್ತದೆ, ನಿಜ. ಆದರೆ ಮೂರೇ ಗುಂಪು ಇದ್ದರೆ ಫಲಿತಾಂಶದ ಬಹುಪಾಲು ಆ ಪೂರ್ವನಂಬಿಕೆಯದೇ ಆಗಿರುತ್ತದೆ. ಮಾಹಿತಿಯ ಬಡತನವನ್ನು ಯಾವ ಪಂಥವೂ ಕಳೆಯದು.

ಈಗ ನರಸೀಪುರವನ್ನೂ ಸೇರಿಸಿ ಹೊಸ ಹೊಗೆಯ ಸಮೀಕ್ಷೆ ಮಾಡುವುದಾದರೆ? ಗ್ಯಾಸ್ ಸಿಲಿಂಡರು ಮನೆಮನೆಗೆ ಬಂದು, ಬಹಳ ಕಡೆ ನೀರು ಕಾಯಿಸಲು ಮಾತ್ರ ಸೌದೆ ಉಳಿದಿರುವ ಈ ಹೊತ್ತಿನಲ್ಲಿ ಮಾಡಬೇಕಾದ ಕೆಲಸವೇ. ಹಳ್ಳಿಯ ಎಲ್ಲ ಹೆಂಗಸರನ್ನೂ ಮಾತಾಡಿಸುವ ಬದಲು ಹಳ್ಳಿಗೆ 50 ಜನರಂತೆ 40 ಹಳ್ಳಿಗೆ ಹೋಗಲಿ. ಒಟ್ಟು 2,000 ಜನ, ಹಳೆಯದರ ಅರ್ಧದಷ್ಟು. ಒಳನಂಟು 0.05 ಇದ್ದರೂ ಹಿಗ್ಗು 3.45 ಪಟ್ಟು, ಸ್ವತಂತ್ರ ಜನರ ಲೆಕ್ಕದಲ್ಲಿ 580, ಹಳೆಯ ವಿನ್ಯಾಸದಲ್ಲಿ ಉಳಿಯುತ್ತಿದ್ದ ಸುಮಾರು 300ರ ಹೆಚ್ಚುಕಡಿಮೆ ಎರಡರಷ್ಟು. ಜೀಪಿನ ಡೀಸೆಲ್ ಖರ್ಚು ಏರುತ್ತದೆ, ಸಮೀಕ್ಷಕಿಯರಿಗೆ ಹೊಸ ಊರಿನಲ್ಲಿ ಗುರುತು ಹಿಡಿದುಕೊಳ್ಳುವ ಪಾಡು ಹೆಚ್ಚುತ್ತದೆ, ಪ್ರತಿ ತಂಡವೂ ಮೂರೂ ತಾಲ್ಲೂಕಿಗೆ ಹೋಗಬೇಕಾದ್ದರಿಂದ ಓಡಾಟ ಇನ್ನೂ ಜಾಸ್ತಿ. ಆ ದುಡ್ಡನ್ನು ಅನುದಾನದ ಅರ್ಜಿಯಲ್ಲಿ ಮೊದಲೇ ಕೇಳಬೇಕು. ತಾಲ್ಲೂಕುಗಳು ಮೂರಾದವು ಎಂದು ತಾಲ್ಲೂಕನ್ನೂ ರ‍್ಯಾಂಡಮ್ ಎಂದು ಬರೆಯುವ ಆಸೆ ಹುಟ್ಟಬಹುದು. ಮೂರು ಸಂಖ್ಯೆಗಳಿಂದ ಒಂದು ರಾಶಿಯ ಏರುಪೇರು ಹೇಳಲಾಗದು. ಅಲ್ಲದೆ ಆ ಮೂರನ್ನು ಚೀಟಿ ಎತ್ತಿಯೂ ಇಲ್ಲ, ಮೈಸೂರಿಗೆ ಹತ್ತಿರ ಎಂದು ಆರಿಸಿಕೊಂಡದ್ದು. ಅವು ಫಿಕ್ಸೆಡ್ ಆಗಿಯೇ ಇರಲಿ, ಸಮೀಕ್ಷೆಗೆ ಬೀಳದ ಎಚ್.ಡಿ. ಕೋಟೆ ತಾಲ್ಲೂಕಿನ ಬಗ್ಗೆ ಆ ಹೊಸ ಸಮೀಕ್ಷೆಯ ಲೇಖನ ಏನೂ ಹೇಳದಿರಲಿ.